ವೈಟ್ ರಿಸ್ಕ್ ಆ್ಯಪ್ ರಿವ್ಯೂ: ಬಣ್ಣ ನೋಡಿ ಕ್ಲೋಸ್ ಮಾಡೋದಾದ್ರೆ ಇನ್‌ಸ್ಟಾಲ್ ಮಾಡ್ಲೇಬೇಡಿ

ಸ್ವಿಟ್ಜರ್ಲೆಂಡಲ್ಲಿರೋ ನಮ್ಮ ಕನ್ನಡದವ್ರ ವಾಟ್ಸಾಪ್ ಗ್ರೂಪಲ್ಲಿ ಮಾರ್ಚ್ ಬಂತಂದ್ರೆ ಒಂದೇ ಪ್ರಶ್ನೆ, ಈ ಶನಿವಾರ ಸ್ನೋಶೂ ಕಟ್ಕೊಂಡು ಹಿಮದ ಮೇಲೆ ನಡೆಯೋಕೆ ಹೋಗ್ಬಹುದಾ ಅಂತ. ಯಾರೋ ಒಬ್ರು ಮ್ಯಾಪಿನ ಸ್ಕ್ರೀನ್‌ಶಾಟ್ ಹಾಕ್ತಾರೆ, ಅದ್ರಲ್ಲಿ ಹಳದಿ ಬಣ್ಣ ಇರುತ್ತೆ, ಇನ್ನೊಬ್ರು "ಲೆವೆಲ್ 2 ಅಷ್ಟೇ ಗುರು, ಆರಾಮಾಗಿ ಹೋಗ್ಬನ್ನಿ" ಅಂತಾರೆ, ಮೇಲಿಂದ ಮೇಲೆ ಥಂಬ್ಸ್ ಅಪ್ ಬೀಳುತ್ತೆ, ಮುಗೀತು ಸೇಫ್ಟಿ ಪ್ಲಾನಿಂಗ್. ಆ ಸ್ಕ್ರೀನ್‌ಶಾಟ್ ಬರೋದು ವೈಟ್ ರಿಸ್ಕ್ ಅನ್ನೋ ಆ್ಯಪಿಂದ, ಅವಲಾಂಚ್ ಅಂದ್ರೆ ಬೆಟ್ಟದಿಂದ ಹಿಮ ಕುಸಿದು ಬೀಳೋ ಅಪಾಯ ಎಲ್ಲಿ ಎಷ್ಟಿದೆ ಅಂತ ತೋರಿಸೋದು ಅದು. ಆ್ಯಪ್ ಸೂಪರ್, ನನ್ ಕಡೆಯಿಂದ ಐದಕ್ಕೆ ನಾಲ್ಕೂವರೆ ಸ್ಟಾರ್. ನಮ್ಮೋರು ಅದನ್ನ ಬಳಸೋ ರೀತಿಗೆ ಮಾತ್ರ ಒಂದೂವರೆ ಕೊಡ್ತೀನಿ, ಅದೂ ಮನಸ್ಸಿಲ್ಲದ ಮನಸ್ಸಿಂದ.

ಗೊತ್ತಿಲ್ಲದೋರಿಗೆ ಮೊದ್ಲು ಇದೇನು ಅಂತ ಹೇಳ್ಬಿಡ್ತೀನಿ. ದಾವೋಸಲ್ಲಿ ಎಸ್‌ಎಲ್‌ಎಫ್ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ, ಹಿಮ ಮತ್ತೆ ಅವಲಾಂಚ್ ಮೇಲೆ ರಿಸರ್ಚ್ ಮಾಡೋದೇ ಅವ್ರ ಕೆಲ್ಸ, 1945ರಿಂದ ಅವಲಾಂಚ್ ಬುಲೆಟಿನ್, ಅಂದ್ರೆ ಮುನ್ಸೂಚನೆ, ಹೊರಡಿಸ್ತಾ ಬಂದಿದಾರೆ, ಈ ಆ್ಯಪಲ್ಲಿ ಬರೋದು ಅದೇ. ಚಳಿಗಾಲದಲ್ಲಿ ದಿನಾ ಸಂಜೆ 5ಕ್ಕೆ ಒಂದು ಬುಲೆಟಿನ್, ಬೆಳಿಗ್ಗೆ 8ಕ್ಕೆ ಅದರ ಅಪ್‌ಡೇಟ್, ಜರ್ಮನ್ ಫ್ರೆಂಚ್ ಇಟಾಲಿಯನ್ ಇಂಗ್ಲಿಷ್ ನಾಲ್ಕೂ ಭಾಷೇಲಿ. ಇದರ ಹಿಂದೆ ಕೆಲ್ಸ ಮಾಡೋ ತಂಡ ದೊಡ್ಡದು, ಬೆಟ್ಟದ ಮೇಲೆಲ್ಲ 200ರ ಹತ್ರ ಆಟೋಮ್ಯಾಟಿಕ್ ಸ್ಟೇಷನ್ಗಳು, ಅದರ ಜೊತೆ ಅಷ್ಟೇ ಹೆಚ್ಚೂಕಮ್ಮಿ ಒಬ್ಸರ್ವರ್‌ಗಳು, ಹಳ್ಳೀಲಿ ಇದ್ದು ಹಿಮ ಅಗೆದು ನೋಡಿ ರಿಪೋರ್ಟ್ ಕಳ್ಸೋ ಮನುಷ್ಯರು. ಇಷ್ಟು ತಲೆಕೆಡಿಸ್ಕೊಳ್ಳೋಕೆ ಕಾರಣ ಇದೆ, 1951ರ ಚಳಿಗಾಲ ಒಂದರಲ್ಲೇ ಈ ಪುಟ್ಟ ದೇಶದಲ್ಲಿ 98 ಜನ ಹಿಮದಡಿ ಸತ್ತೋದ್ರು, ಊರಿಗೆ ಊರೇ ಹೂತೋದ ಕಾಲ ಅದು. 2018ರಲ್ಲಿ ಸ್ವಿಸ್ ಮತ್ತೆ ಆಸ್ಟ್ರಿಯಾದೋರ ಈ ಅವಲಾಂಚ್ ತಿಳುವಳಿಕೆನ ಯುನೆಸ್ಕೊದವ್ರು ತಮ್ಮ ಪರಂಪರೆ ಪಟ್ಟಿಗೇ ಸೇರಿಸ್ಕೊಂಡ್ರು. ಅಂಥದ್ದನ್ನ ನಮಗೆ ಫ್ರೀ ಕೊಡ್ತಿದಾರೆ, ನಾವು ಬಣ್ಣ ನೋಡಿ ಕ್ಲೋಸ್ ಮಾಡ್ತೀವಿ.

ಆ ಬಣ್ಣದ ಕಥೆ ಹೇಳ್ತೀನಿ ಕೇಳಿ. ಐದು ಲೆವೆಲ್, 1 ಹಸಿರು, 2 ಹಳದಿ, 3 ಕಿತ್ತಳೆ, 4 ಕೆಂಪು, 5 ಬಂದ್ರೆ ಮನೆಯಿಂದಾಚೆ ಬರ್ಬೇಡಿ ಅನ್ನೋ ಪರಿಸ್ಥಿತಿ. ನಮ್ಮ ತಲೇಲಿ ಸ್ಕೂಲ್ ಲೆಕ್ಕ ಓಡುತ್ತೆ, ಐದಕ್ಕೆ ಮೂರು ಅಂದ್ರೆ ಮಧ್ಯದ್ದು, ಪರವಾಗಿಲ್ಲ ಅಂತ. ಹಂಗಲ್ಲ ಇದು. ಪ್ರತಿ ಮೆಟ್ಟಿಲಿಗೂ ಅಪಾಯ ದುಪ್ಪಟ್ಟಿಗಿಂತ ಜಾಸ್ತಿ ಏರುತ್ತೆ ಅಂತ ತಿಳ್ಕೊಳ್ಳಿ. ಚಳಿಗಾಲದಲ್ಲಿ ಸುಮಾರು 30% ದಿನ ಲೆವೆಲ್ 3 ಇರುತ್ತೆ, ಅವಲಾಂಚಲ್ಲಿ ಸಾಯೋರಲ್ಲಿ ಅರ್ಧದಷ್ಟು ಜನ ಸಾಯೋದು ಆ ದಿನಗಳಲ್ಲೇ. ಇನ್ನು ಗ್ರೂಪಲ್ಲಿ ಥಂಬ್ಸ್ ಅಪ್ ಬೀಳೋ ಲೆವೆಲ್ 2, ಅದು ಸೀಸನ್ನಿನ ಅರ್ಧದಷ್ಟು ದಿನ ಇರುತ್ತೆ, ಸಾವುಗಳಲ್ಲಿ ಸುಮಾರು 30% ಅದರ ಲೆಕ್ಕಕ್ಕೆ. ಲೆವೆಲ್ 5ರ ದಿನ ಯಾರೂ ಸಾಯಲ್ಲ ಬಿಡಿ ಅನ್ನೋ ಮಟ್ಟಕ್ಕೆ ಕಮ್ಮಿ, ಯಾಕಂದ್ರೆ ಆವತ್ತು ಯಾರೂ ಹೋಗಲ್ಲ, ಅದೂ ವರ್ಷಗಟ್ಲೆ ಬರೋದೇ ಇಲ್ಲ, 1999 ಆದ್ಮೇಲೆ ದೊಡ್ಡ ಮಟ್ಟದಲ್ಲಿ ಮೊದಲ ಸಲ ಬಂದಿದ್ದು 2018ರ ಜನವರೀಲಿ. 2022ರ ಡಿಸೆಂಬರಿಂದ ನಂಬರ್ ಪಕ್ಕ ಪ್ಲಸ್ಸು ಮೈನಸ್ಸು ಈಕ್ವಲ್ ಚಿಹ್ನೆನೂ ಹಾಕ್ತಾರೆ, 2ರಲ್ಲೇ ಮೇಲ್ಗಡೆದಾ ಕೆಳಗಡೆದಾ ಅಂತ ಗೊತ್ತಾಗ್ಲಿ ಅಂತ, ಸ್ಕ್ರೀನ್‌ಶಾಟ್ ಹಾಕೋರು ಅದನ್ನೂ ಕ್ರಾಪ್ ಮಾಡಿರ್ತಾರೆ.

ನನ್ ಪ್ರಕಾರ ಈ ಆ್ಯಪಿನ ಅಸಲಿ ಮಾಲು ಇರೋದು ಮ್ಯಾಪ್ ಮೇಲೆ ಬೆರಳಿಟ್ಟಾಗ ಕೆಳಗೆ ಬರೋ ಪಠ್ಯದಲ್ಲಿ. ಯಾವ ದಿಕ್ಕಿನ ಇಳಿಜಾರು, ಎಷ್ಟು ಮೀಟರ್ ಮೇಲೆ, ಯಾವ ಥರ ತೊಂದ್ರೆ, ಹೊಸ ಹಿಮಾನಾ, ಗಾಳಿ ತಂದು ಗುಡ್ಡೆ ಹಾಕಿರೋದಾ, ಹಳೇ ಹಿಮದೊಳಗೆ ಕೂತಿರೋ ವೀಕ್ ಪದರಾನಾ, ಒದ್ದೆ ಹಿಮಾನಾ, ಅಥವಾ ಹುಲ್ಲಿನ ಮೇಲೆ ಜಾರೋ ಹಿಮಾನಾ, ಎಲ್ಲ ಬರ್ದಿರ್ತಾರೆ. ಜನವರೀಲಿ ಇದನ್ನ ಓದದೆ ಇದ್ರೆ ಅರ್ಧ ವಿಷಯ ಹೋಯ್ತು. ಮಾರ್ಚ್ ಏಪ್ರಿಲಲ್ಲಿ ಓದದೆ ಇದ್ರೆ ಪೂರ್ತಿನೇ ಹೋಯ್ತು, ಯಾಕಂದ್ರೆ ಈ ಕಾಲದಲ್ಲಿ ಅಪಾಯ ಗಡಿಯಾರ ನೋಡ್ಕೊಂಡು ಏರುತ್ತೆ. ಬೆಳಿಗ್ಗೆ ಹಳದಿ ಇದ್ದ ಜಾಗ ಮಧ್ಯಾಹ್ನ ಕಿತ್ತಳೆ. ಆ್ಯಪಲ್ಲಿ ಅಂಥ ದಿನ ಎರಡು ಮ್ಯಾಪ್ ಬರುತ್ತೆ, ಒಣ ಹಿಮದ್ದು ಒಂದು, ದಿನ ಏರ್ತಾ ಹೋದಂಗೆ ಒದ್ದೆ ಹಿಮದ್ದು ಇನ್ನೊಂದು. ಗ್ರೂಪಿಗೆ ಬರೋ ಸ್ಕ್ರೀನ್‌ಶಾಟಲ್ಲಿ ಯಾವಾಗ್ಲೂ ಮೊದಲನೇದು ಮಾತ್ರ ಇರುತ್ತೆ.

ಯಾಕೆ ಹಿಂಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ನಂಗೂ ಇದೇ ಇಂಟರೆಸ್ಟಿಂಗ್ ಪಾರ್ಟ್. ವಸಂತದಲ್ಲಿ ಹಗಲು ಹಿಮ ಕರಗುತ್ತೆ, ರಾತ್ರಿ ಗಟ್ಟಿಯಾಗುತ್ತೆ, ಹಿಂಗೆ ಕರಗಿ ಗಟ್ಟಿಯಾಗಿ ಕರಗಿ ಗಟ್ಟಿಯಾಗಿ ಹರಳು ದಪ್ಪ ಆಗ್ತಾ ಬರುತ್ತೆ, ಕೈಲಿ ಹಿಡಿದ್ರೆ ಚಿರೋಟಿ ರವೆ ಹೋಗಿ ಬನ್ಸಿ ರವೆ ಆದಂಗಿರುತ್ತೆ. ಬೆಳಿಗ್ಗೆ ಮೇಲೆ ಗಟ್ಟಿ ಹೊದಿಕೆ ಕಟ್ಟಿರೋವರೆಗೂ ಅದು ಎಲ್ಲಾನೂ ಹಿಡ್ಕೊಂಡಿರುತ್ತೆ, ನಡೆಯೋಕೂ ಸುಖ. ಬಿಸಿಲಿಗೆ ಆ ಹೊದಿಕೆ ಬಿಟ್ಕೊಂಡು ನೀರು ಕೆಳಗಿಳಿಯೋಕೆ ಶುರುವಾಯ್ತು ಅಂದ್ರೆ ಆಟ ಬೇರೆ, ಒಳಗಡೆ ಚಳಿಗಾಲದಿಂದ ಕೂತಿರೋ ವೀಕ್ ಪದರಕ್ಕೆ ನೀರು ತಲುಪಿದ ತಕ್ಷಣ ಅದರ ಹಿಡಿತ ಸಡಿಲ ಆಗುತ್ತೆ. ಆ ಸೀಸನ್ನಲ್ಲಿ ಮೊದಲ ಸಲ ಮೇಲಿಂದ ತಳದವರೆಗೂ ಪೂರ್ತಿ ಹಿಮ ಸೊನ್ನೆ ಡಿಗ್ರಿಗೆ ಬಂದು ಒದ್ದೆಯಾಗೋ ದಿನಗಳೇ ಅತಿ ಕೆಟ್ಟವು. ಮೊದ್ಲು ಕೆಳಗಿನ ದಕ್ಷಿಣ ಇಳಿಜಾರು, ಆಮೇಲೆ ಎತ್ತರದ್ದು, ಉತ್ತರ ಮುಖದ ಎತ್ತರದ ಇಳಿಜಾರಿಗೆ ಆ ಸರದಿ ಬರೋದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ.

ಇದರಲ್ಲಿ ನಮ್ಮೋರಿಗೆ ಹೊಳೆಯದ ವಿಷ್ಯ ರಾತ್ರಿಯ ಮೋಡ. ಹವಾಮಾನ ಆ್ಯಪಲ್ಲಿ ಬೆಳಿಗ್ಗೆ ಪ್ಲಸ್ 2 ಡಿಗ್ರಿ ಅಂತ ತೋರಿಸಿದ್ರೂ ಆಕಾಶ ಶುಭ್ರ ಇದ್ರೆ ಹಿಮ ತನ್ನ ಶಾಖನ ಆಕಾಶಕ್ಕೆ ಬಿಟ್ಟು ಚೆನ್ನಾಗಿ ಗಟ್ಟಿಯಾಗಿರುತ್ತೆ. ಅದೇ ಉಷ್ಣಾಂಶ, ಆದ್ರೆ ರಾತ್ರಿಯೆಲ್ಲ ಮೋಡ ಮುಚ್ಚಿತ್ತು, ಗಾಳೀಲಿ ತೇವ ಇತ್ತು ಅಂದ್ರೆ ಹೊದಿಕೆ ಕಟ್ಟಿರಲ್ಲ, ಬೆಳಿಗ್ಗೆ 7ಕ್ಕೇ ಕಾಲು ಹೂತೋಗುತ್ತೆ. ಬುಲೆಟಿನ್ನಲ್ಲಿ ಇದಕ್ಕೇ ಒಂದು ಸಾಲು ಇರುತ್ತೆ, ರಾತ್ರಿ ಹಿಮ ಎಷ್ಟು ಗಟ್ಟಿಯಾಗ್ಬಹುದು ಅಂತ, ವಸಂತದಲ್ಲಿ ನಾನು ಮೊದ್ಲು ಹುಡುಕೋ ಸಾಲೇ ಅದು. ಸಹಾರಾ ಧೂಳಿನ ವಿಷ್ಯಾನೂ ಗಮನಿಸಿ, ಮಾರ್ಚಲ್ಲಿ ಒಮ್ಮೊಮ್ಮೆ ಆಫ್ರಿಕಾದಿಂದ ಕೆಂಧೂಳು ಬಂದು ಹಿಮದ ಮೇಲೆ ಕೂರುತ್ತೆ, ಬಿಳಿ ಹಿಮ ಬಿಸಿಲನ್ನ ವಾಪಸ್ ಕಳ್ಸುತ್ತೆ, ಕಂದು ಹಿಮ ಹೀರ್ಕೊಳ್ಳುತ್ತೆ, ಕರಗೋದು ಬೇಗ. ಫೋಟೋ ಚೆನ್ನಾಗಿ ಬರಲ್ಲ ಅಂತ ಗೊಣಗೋರು ಇದನ್ನೂ ತಲೇಲಿಟ್ಕೊಳ್ಳಿ.

ಇನ್ನೊಂದು ದೊಡ್ಡ ವ್ಯತ್ಯಾಸ. ಒಣ ಹಿಮದ ಅವಲಾಂಚಲ್ಲಿ ಸಿಕ್ಕಿಹಾಕ್ಕೊಳ್ಳೋರಲ್ಲಿ ಹತ್ತಕ್ಕೆ ಒಂಬತ್ತು ಸಲ ಅದನ್ನ ಬೀಳ್ಸಿರೋದು ಅವ್ರೇ ಅಥವಾ ಅವ್ರ ಜೊತೆಯವ್ರೇ. ಅಂದ್ರೆ ಕಡಿದಾದ ಜಾಗಕ್ಕೆ ಕಾಲಿಡದೆ ಇದ್ರೆ ಬಹಳಷ್ಟು ಬಚಾವ್. ಒದ್ದೆ ಹಿಮ ಹಂಗಲ್ಲ, ಅದಕ್ಕೆ ನಿಮ್ಮ ಕಾಲು ಬೇಕಾಗಿಲ್ಲ, ಬಿಸಿಲು ಸಾಕು, ತಾನೇ ಬರುತ್ತೆ. ನೀವು ಸಪಾಟು ದಾರೀಲೇ ನಡೀತಿರ್ಬಹುದು, ಪ್ರಶ್ನೆ ನಿಮ್ಮ ತಲೆ ಮೇಲಿನ ಇಳಿಜಾರು ಏನ್ ಮಾಡ್ತಿದೆ ಅನ್ನೋದು. ಒಣ ಹಿಮದಷ್ಟು ಜೋರಾಗಿ ಬರಲ್ಲ, ಆದ್ರೆ ತೂಕ ಭಯಂಕರ, ನಿಂತ ಮೇಲೆ ಗಾರೆ ಹಾಕಿದಂಗೆ ಗಟ್ಟಿಯಾಗ್ಬಿಡುತ್ತೆ, ಕೈಬೆರಳೂ ಅಲ್ಲಾಡಲ್ಲ ಅಂತಾರೆ. ಹುಲ್ಲಿನ ಇಳಿಜಾರಲ್ಲಿ ಕಂದು ಬಿರುಕು ಬಾಯಿ ಬಿಟ್ಕೊಂಡಿರೋದನ್ನ ನೋಡಿರ್ತೀರಿ, ಅದು ನೆಲಕ್ಕಂಟಿದ ಇಡೀ ಹಿಮಾನೇ ಜಾರ್ತಿರೋದು, ಯಾವಾಗ ಬೀಳುತ್ತೆ ಅಂತ ದಾವೋಸಿನವ್ರಿಗೂ ಹೇಳೋಕಾಗಲ್ಲ, ಮಧ್ಯರಾತ್ರೀಲೂ ಬೀಳ್ಬಹುದು, ಅದರ ಕೆಳಗೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಬೇಡಿ ಅಷ್ಟೇ.

ಆ್ಯಪ್ ನಿಜವಾಗ್ಲೂ ಹೆಂಗೆ ಕೆಲ್ಸಕ್ಕೆ ಬರುತ್ತೆ ಅಂತ ಒಂದು ದಿನದ ಲೆಕ್ಕದಲ್ಲೇ ಹೇಳ್ತೀನಿ. ಕೂಬ್ಲಿಸ್ ಸ್ಟೇಷನ್ನಿಂದ ಪೋಸ್ಟ್ ಬಸ್ ಹತ್ತಿದ್ರೆ ಸೇಂಟ್ ಆಂಟೋನಿಯನ್ ಅಂತ ಒಂದು ಹಳ್ಳಿ ಸಿಗುತ್ತೆ, ಅವಲಾಂಚ್ ವಿಷಯದಲ್ಲಿ ಹಳೇ ಅನುಭವಸ್ಥ ಊರು. ಮೇಲೆ ಕ್ಯುನಿಹಾರ್ನ್ ಇಳಿಜಾರಿನ ತುಂಬ ಸಾಲು ಸಾಲು ತಡೆಬೇಲಿ ಹಾಕಿದಾರೆ, 1951 ಆದ್ಮೇಲೆ ಕಟ್ಟಿದ್ದು. ಹಳೇ ಮನೆಗಳ ಹಿಂದ್ಗಡೆ ನೋಡಿ, ಬೆಟ್ಟದ ಕಡೆ ಗೋಡೆಗೆ ಆನಿಸಿ ಸೂರಿನ ಮಟ್ಟಕ್ಕೆ ಕಲ್ಲುಮಣ್ಣಿನ ದಿಬ್ಬ ಏರಿಸಿರ್ತಾರೆ, ಹಿಮ ಬಂದ್ರೆ ಮನೆಗೆ ಗುದ್ದದೆ ಮೇಲಿಂದ ಹಾರ್ಕೊಂಡು ಹೋಗ್ಲಿ ಅಂತ. ನಮ್ಮನೆಯವ್ರು ಅದನ್ನ ಅರ್ಧ ಗಂಟೆ ಸುತ್ತಾಕಿ ನೋಡಿದ್ರು, ಸಿವಿಲ್ ಇಂಜಿನಿಯರ್ ಜೊತೆ ಟ್ರಿಪ್ ಹೋಗೋ ಕಷ್ಟ ನಿಮಗೇನ್ ಗೊತ್ತು.

ಅಲ್ಲಿಂದ ಪಾರ್ಟ್ನೂನ್ ಕಡೆ ಹೋಗೋ ದಾರಿ ನಮ್ಮ ಪ್ಲಾನು. ಹಿಂದಿನ ಸಂಜೆ 5ರ ಬುಲೆಟಿನ್ನಲ್ಲಿ ಒಣ ಹಿಮಕ್ಕೆ 2, ಒದ್ದೆ ಹಿಮಕ್ಕೆ ಮಧ್ಯಾಹ್ನದ ಹೊತ್ತಿಗೆ 3 ಅಂತಿತ್ತು. ಹಂಗಾಗಿ ಮೊದಲ ಬಸ್ಸಿಗೇ ಹೋಗೋದು, ಹನ್ನೊಂದರೊಳಗೆ ವಾಪಸ್ ತಿರುಗೋದು ಅಂತ ಮನೇಲೇ ತೀರ್ಮಾನ ಮಾಡಿದ್ವಿ. ಆ್ಯಪಲ್ಲಿ ಇಳಿಜಾರಿನ ಕೋನ ತೋರಿಸೋ ಪದರ ಒಂದಿದೆ, 30 ಡಿಗ್ರಿ ದಾಟಿದ್ರೆ ಹಳದಿ, 35 ದಾಟಿದ್ರೆ ಕಿತ್ತಳೆ, 40 ದಾಟಿದ್ರೆ ಕೆಂಪು, 45ರ ಮೇಲೆ ನೇರಳೆ. ನಾವು ಹೋಗೋ ದಾರಿ ಬಿಳೀನೇ, ಪಕ್ಕದ ಗೋಡೆಗಳು ಪೂರ್ತಿ ಕೆಂಪು. ಯಾವ ತಿರುವಿಂದ ಯಾವ ತಿರುವಿನವರೆಗೆ ತಲೆ ಮೇಲೆ ಕೆಂಪು ಇದೆ ಅಂತ ಗುರುತಿಟ್ಕೊಂಡು, ಅಲ್ಲಿ ನಿಲ್ಲದೆ, ಒಬ್ಬರಿಂದೊಬ್ರು ದೂರ ಬಿಟ್ಕೊಂಡು ನಡೆಯೋದು ಅಂತ ಮಾತಾಯ್ತು. ಬೆಳಿಗ್ಗೆ 8ರ ಅಪ್‌ಡೇಟ್ ಬಸ್ಸಲ್ಲೇ ನೋಡಿದ್ವಿ, ಬದಲಾವಣೆ ಇರ್ಲಿಲ್ಲ.

ಹೋಗ್ತಾ ಸ್ನೋಶೂ ಕೆಳಗೆ ಹಿಮ ಕರ ಕರ ಅಂತಿತ್ತು, ಕೋಲು ಚುಚ್ಚಿದ್ರೆ ತುದಿ ಮಾತ್ರ ಒಳಗೆ. ಹತ್ತೂವರೆ ಹೊತ್ತಿಗೆ ಸದ್ದು ನಿಂತೋಯ್ತು, ಕೋಲು ಅರ್ಧಕ್ಕೆ ಇಳಿಯೋಕೆ ಶುರುವಾಯ್ತು. ಆಮೇಲೆ ಬಿಸಿಲು ಬಿದ್ದಿರೋ ಕಡೆ ಬಂಡೆಗಳ ಬುಡದಿಂದ ಪುಟ್ಟ ಪುಟ್ಟ ಹಿಮದುಂಡೆಗಳು ತಾವಾಗೇ ಉರುಳೋಕೆ ಹತ್ತಿದ್ವು, ಹಿಂದೆ ಒಂದೊಂದು ಗೆರೆ ಎಳ್ಕೊಂಡು, ಒಂದು, ಆಮೇಲೆ ನಾಲ್ಕು, ಆಮೇಲೆ ಎಣಿಸೋದು ಬಿಟ್ವಿ. ಇದನ್ನೇ ಬುಲೆಟಿನ್ನಲ್ಲಿ ಬರ್ದಿದ್ದು, ಬಿಸಿಲಿನ ಕಡಿದಾದ ಇಳಿಜಾರಲ್ಲಿ ಒದ್ದೆ ಹಿಮ ತಾನಾಗೇ ಬೀಳ್ಬಹುದು ಅಂತ. ವಾಪಸ್ ಬರ್ತಾ ಎದುರಿಗೆ ಮಕ್ಕಳು ಮರಿ ಕಟ್ಕೊಂಡು ಆಗಷ್ಟೇ ಹೊರಟಿರೋ ಗುಂಪುಗಳು ಸಿಕ್ಕಿದ್ವು, ಹನ್ನೆರಡಾಗಿತ್ತು, ಅವ್ರ ಫೋನಲ್ಲೂ ಇದೇ ಆ್ಯಪ್ ಇತ್ತು, ಲೆವೆಲ್ 2 ಅಲ್ವಾ ಅಂದ್ರು. ಇನ್ನೊಂದು ಮ್ಯಾಪ್ ಇದೆ ನೋಡಿ ಅಂತ ತೋರಿಸಿದ್ರೆ ಒಬ್ರು ಥ್ಯಾಂಕ್ಸ್ ಹೇಳಿ ತಿರುಗಿದ್ರು, ಉಳಿದೋರು ನಕ್ಕು ಮುಂದೆ ಹೋದ್ರು. ಆವತ್ತು ಯಾರಿಗೂ ಏನೂ ಆಗ್ಲಿಲ್ಲ, ಬಹುತೇಕ ದಿನ ಏನೂ ಆಗಲ್ಲ, ಅದಕ್ಕೇ ಯಾರೂ ಕಲಿಯಲ್ಲ ಕಣ್ರೀ.

ಏಪ್ರಿಲ್ ಅಂದ್ರೆ ಬರೀ ಕರಗೋ ಹಿಮ ಅಂತಲೂ ಅಂದ್ಕೊಳ್ಬೇಡಿ. ಎತ್ತರದಲ್ಲಿ ಏಪ್ರಿಲಲ್ಲೂ ಹೊಸ ಹಿಮ ಚೆನ್ನಾಗೇ ಸುರಿಯುತ್ತೆ. 2024ರ ಈಸ್ಟರ್ ಸೋಮವಾರ, ಏಪ್ರಿಲ್ 1, ಜೆರ್ಮಾಟ್ ಹತ್ರ ರಿಫೆಲ್‌ಬರ್ಗಲ್ಲಿ ಪಿಸ್ತ್, ಅಂದ್ರೆ ಸ್ಕೀ ಮಾಡೋಕೆ ಸಿದ್ಧ ಮಾಡಿರೋ ದಾರಿ, ಬಿಟ್ಟು ಹೊರಗಿನ ಇಳಿಜಾರಲ್ಲಿ ಅವಲಾಂಚ್ ಬಂದು ಮೂರು ಜನ ಹೋದ್ರು. ಹಿಮ ಬಿದ್ದ ಮಾರನೇ ದಿನ ನೀಲಿ ಆಕಾಶ, ಎಲ್ರಿಗೂ ಹೊರಗೆ ಹೋಗೋ ಆಸೆ, ಅಪಾಯ ಜಾಸ್ತಿ ಇರೋದೂ ಆ ದಿನಾನೇ.

ಆ್ಯಪಿನ ಮಿತಿಗಳಿಗೆ ಬರ್ತೀನಿ, ಅರ್ಧ ಸ್ಟಾರ್ ಅಲ್ಲೇ ಹೋಗಿದ್ದು. ಒಂದು, ಇಂಗ್ಲಿಷ್ ಪಠ್ಯ ಸ್ವಲ್ಪ ಕಬ್ಬಿಣದ ಕಡಲೆ, ಹೊಸಬ್ರಿಗೆ ನಾಲ್ಕೈದು ಸಲ ಓದೋವರೆಗೂ ತಲೆಗೆ ಹತ್ತಲ್ಲ, ಇಂಥಿಂಥ ಪದಕ್ಕೆ ಇಂಥ ಅರ್ಥ ಅಂತ ಅಭ್ಯಾಸ ಆಗ್ಬೇಕು. ಎರಡು, ಇದು ಪ್ರದೇಶದ ಮುನ್ಸೂಚನೆ, ನಿಮ್ಮೆದುರಿಗಿರೋ ಆ ಒಂದು ಇಳಿಜಾರಿನದ್ದಲ್ಲ, ಆ ಕೆಲ್ಸ ನಿಮ್ಮ ಕಣ್ಣು ಕಿವಿದು. ಕಾಲಿಟ್ಟಾಗ ಒಳಗಿಂದ "ಧುಂ" ಅಂತ ಕುಸಿದ ಸದ್ದು ಬಂದ್ರೆ, ಸುತ್ತ ಬಿರುಕು ಓಡಿದ್ರೆ, ಆ್ಯಪ್ ಹಸಿರು ತೋರಿಸ್ತಿದ್ರೂ ವಾಪಸ್ ಬನ್ನಿ. ಮೂರು, ಇದು ಆ್ಯಪಿನ ತಪ್ಪಲ್ಲ, ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತೆ, ಪಠ್ಯ ಓದಿ ಮನಸ್ಸಲ್ಲಿಟ್ಕೊಂಡು ಹೊರಡಿ.

ಗುರುತು ಹಾಕಿರೋ ದಾರಿ ಬಿಟ್ಟು ಹೋಗೋರಾದ್ರೆ ಆ್ಯಪ್ ಒಂದೇ ಸಾಲದು, ಬೀಕನ್ (ಹೂತೋದೋರು ಎಲ್ಲಿದಾರೆ ಅಂತ ಸಿಗ್ನಲಿಂದ ಹುಡುಕೋ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರ್ಬೇಕು, ಗುಂಪಿಗೊಂದು ಸೆಟ್ ಅಂತೆಲ್ಲ ಉಳಿತಾಯ ಮಾಡೋಕೆ ಹೋಗ್ಬೇಡಿ, ಹೂತೋದೋರ ಬ್ಯಾಗಲ್ಲೇ ಸಲಿಕೆ ಇದ್ರೆ ಅಗೆಯೋರು ಯಾರು. ಹೂತೋದೋರನ್ನ ಸುಮಾರು 15 ನಿಮಿಷದೊಳಗೆ ತೆಗೆದ್ರೆ ಬದುಕೋ ಸಾಧ್ಯತೆ ಹೆಚ್ಚು, 35 ನಿಮಿಷ ಆಯ್ತು ಅಂದ್ರೆ ಮೂರರಲ್ಲಿ ಒಬ್ರೂ ಉಳಿಯೋದು ಕಷ್ಟ. ರೇಗಾ ಅನ್ನೋ ರಕ್ಷಣಾ ಹೆಲಿಕಾಪ್ಟರಿಗೆ 1414 ಒತ್ತಬೇಕು ನಿಜ, ಆದ್ರೆ ಅವ್ರು ಬರೋ ಹೊತ್ತಿಗೆ ಆ ಹದಿನೈದು ನಿಮಿಷ ಬಹುತೇಕ ಮುಗಿದಿರುತ್ತೆ, ಅಗೆಯೋದು ನೀವೇ. ಬೀಕನ್ ಬಾಡಿಗೆಗೆ ತಗೊಂಡ್ರೆ ಅಂಗಡೀಲೇ ಆನ್ ಮಾಡಿಸಿ ಬ್ಯಾಟರಿ ಪರ್ಸೆಂಟ್ ನೋಡಿ, ಹುಡುಕೋ ಮೋಡಿಗೆ ಹಾಕಿ ಒಂದ್ಸಲ ಪಾರ್ಕಿಂಗಲ್ಲೇ ಆಡಿ. ಹುಡುಕುವಾಗ ಫೋನು ಬೀಕನ್ನಿನ ಹತ್ರ ಇರ್ಬಾರ್ದು, ಅರ್ಧ ಮೀಟರಾದ್ರೂ ದೂರ, ಸಿಗ್ನಲ್ ಕೆಡುತ್ತೆ.

ಊರಲ್ಲಿರೋರು ಕೇಳ್ಬಹುದು, ಇದೆಲ್ಲ ನಮಗ್ಯಾಕೆ ಅಂತ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವ್ರನ್ನ ಮರೆತಿಲ್ಲ ತಾನೆ, 2016ರ ಫೆಬ್ರವರೀಲಿ ಸಿಯಾಚಿನ್ನಲ್ಲಿ ಹಿಮದಡಿಯಿಂದ ಜೀವಂತ ಹೊರಗೆ ತೆಗೆದ್ರು, ಇಡೀ ರಾಜ್ಯ ದೇವರಿಗೆ ಕೈಮುಗೀತು, 11ನೇ ತಾರೀಕು ತೀರ್ಕೊಂಡ್ರು. ಅವ್ರು ಡ್ಯೂಟಿ ಮೇಲಿದ್ದೋರು, ಆಯ್ಕೆ ಇರ್ಲಿಲ್ಲ. ಟೂರಿಸ್ಟುಗಳಿಗೆ ಆಯ್ಕೆ ಇದೆ. 2023ರ ಏಪ್ರಿಲ್ 4ಕ್ಕೆ ಸಿಕ್ಕಿಮಲ್ಲಿ ನಾಥು ಲಾ ದಾರೀಲಿ ಹಾಡಹಗಲೇ ಅವಲಾಂಚ್ ಬಂದು 7 ಜನ ಪ್ರವಾಸಿಗರು ಸತ್ರು, ಪರ್ಮಿಟ್ ಇದ್ದಿದ್ದು 13ನೇ ಮೈಲಿವರೆಗೆ, ಅವ್ರಿದ್ದಿದ್ದು 15ನೇ ಮೈಲೀಲಿ. 2025ರ ಫೆಬ್ರವರಿ 28ಕ್ಕೆ ಬದರೀನಾಥ ಹತ್ರದ ಮಾಣಾದಲ್ಲಿ ರಸ್ತೆ ಕೆಲಸದ 54 ಜನ ಸಿಕ್ಕಿಹಾಕ್ಕೊಂಡ್ರು, 8 ಜನ ಉಳೀಲಿಲ್ಲ. ನಮ್ಮಲ್ಲೂ ಮುನ್ಸೂಚನೆ ಕೊಡೋರಿದಾರೆ, ಚಂಡೀಗಢದ ಡಿಜಿಆರ್‌ಇ, ಡಿಆರ್‌ಡಿಒದ್ದೇ ಸಂಸ್ಥೆ, ಮಾಣಾ ಇರೋ ಚಮೋಲಿ ಜಿಲ್ಲೆಗೆ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ರು. ಮಾರ್ಚಲ್ಲಿ ಕೇದಾರಕಂಠ ಬ್ರಹ್ಮತಾಲ್ ಅಂತ ಬೆಂಗಳೂರಿಂದ ಬಸ್ಸುಗಟ್ಲೆ ಹುಡುಗ್ರು ಹೋಗ್ತಾರೆ, ಟ್ರೆಕ್ ಕಂಪನಿಗೆ ಊಟ ಏನು ಟೆಂಟ್ ಎಷ್ಟು ಜನಕ್ಕೆ ಅಂತ ಕೇಳೋ ಜೊತೆಗೆ ಇವತ್ತಿನ ಅವಲಾಂಚ್ ಬುಲೆಟಿನ್ ಏನಂತು, ಬೆಳಿಗ್ಗೆ ಎಷ್ಟೊತ್ತಿಗೆ ಮೇಲಿಂದ ಇಳಿಸ್ತೀರಿ ಅಂತಲೂ ಕೇಳಿ. ಉತ್ತರ ತಡವರಿಸಿದ್ರೆ ದುಡ್ಡು ವಾಪಸ್ ಕೇಳಿ.

ಕೊನೇದಾಗಿ, ಊರಿಂದ ಅತ್ತೆ ಮಾವ ಬರ್ತಿದಾರೆ, ಟಿಟ್ಲಿಸ್ಸೋ ಯೂಂಗ್‌ಫ್ರಾವ್‌ಯೋಕೋ ಕರ್ಕೊಂಡು ಹೋಗ್ಬೇಕು, ಈ ಆ್ಯಪ್ ಬೇಕಾ ಅಂತ ಕೇಳಿದ್ರಲ್ಲ ಮೊನ್ನೆ ಒಬ್ರು ಗ್ರೂಪಲ್ಲಿ. ಬೇಡ. ಕೇಬಲ್ ಕಾರು, ರೈಲು, ತೆರೆದಿರೋ ಪಿಸ್ತ್ ಇವನ್ನ ನೋಡ್ಕೊಳ್ಳೋಕೆ ಅಲ್ಲಿನವ್ರಿದಾರೆ, ಬುಲೆಟಿನ್ ಇರೋದು ಆ ಜಾಗಗಳ ಅಂಚಿಗೆ ಕಟ್ಟಿರೋ ಹಗ್ಗದಾಚೆಗೆ ಹೋಗೋರಿಗೆ. ಪಿಂಕ್ ಬೋರ್ಡಿನ ಚಳಿಗಾಲದ ದಾರಿಗಳಲ್ಲಿ ಮುಚ್ಚಿದೆ ಅಂತ ಫಲಕ ಹಾಕಿದ್ರೆ ಮಾತ್ರ ಹತ್ತು ನಿಮಿಷ ಹೋಗಿ ಬರ್ತೀವಿ ಅನ್ಬೇಡಿ. ಇನ್ನು ಮೇ ದಾಟಿದ ಮೇಲೆ ಆ್ಯಪಲ್ಲಿ ದಿನಾ ಬುಲೆಟಿನ್ ಬರಲ್ಲ, ಮ್ಯಾಪ್ ಖಾಲಿ ಕಾಣುತ್ತೆ, ದೊಡ್ಡ ಹಿಮ ಬಿದ್ರೆ ಮಾತ್ರ ಹಾಕ್ತಾರೆ, ಖಾಲಿ ಇದೆ ಅಂದ್ರೆ ರಿಸ್ಕ್ ಸೊನ್ನೆ ಅಂತ ಅದನ್ನೂ ಸ್ಕ್ರೀನ್‌ಶಾಟ್ ತೆಗೆದು ಹಾಕ್ಬೇಡಿ ದಯವಿಟ್ಟು.